ಡೆಲ್ಲೀಲಿ ಹೆಣ, ಬೆಂಗಳೂರಲ್ಲಿ ಸಿಂಗಲ್ ಓನರ್

ಒಂದೂವರೆ ಕೋಟಿ ಕೊಟ್ಟು ಎಸ್‌ಯುವಿ ತಗೊಳ್ಳಕ್ಕೆ ಹೋದೋರು ಶೋರೂಮಲ್ಲಿ ಕೇಳೋ ಮೊದಲನೇ ಪ್ರಶ್ನೆ ಏನ್ ಗೊತ್ತಾ, ಡೀಸೆಲ್ ತಗೊಂಡ್ರೆ ರೀಸೇಲ್ ಹೆಂಗಿರತ್ತೆ ಅಂತ. ಕಾರು ಇನ್ನೂ ಮನೆಗೆ ಬಂದಿಲ್ಲ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿಲ್ಲ, ಆಗ್ಲೇ ಮಾರೋ ಚಿಂತೆ. ಎರಡನೇ ಪ್ರಶ್ನೆ ಮೈಲೇಜು. ನಗ್ಬೇಡಿ, ನಿಜವಾಗ್ಲೂ ಕೇಳ್ತಾರೆ. ನಾನೂ ಕೂತ್ಕೊಂಡು ಲೆಕ್ಕ ಹಾಕ್ದೆ. ಬೆಂಗಳೂರಲ್ಲಿ 2025ರಲ್ಲಿ ಡೀಸೆಲ್ 91, ಪೆಟ್ರೋಲು 103ರ ಹತ್ರ ಇತ್ತು. ಡೀಸೆಲ್ ಗಾಡಿ ಲೀಟರಿಗೆ 11 ಕೊಡತ್ತೆ, ಪೆಟ್ರೋಲ್ ಗಾಡಿ 8 ಕೊಡತ್ತೆ ಅಂತ ಇಟ್ಕೊಳ್ಳಿ, ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ ಉಳೀತು, ವರ್ಷಕ್ಕೆ 10,000 ಓಡಿಸಿದ್ರೆ 45 ಸಾವಿರ. ನಮ್ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸು 18%, ಅದ್ರ ಮೇಲೆ ಸೆಸ್ಸು ಬೇರೆ. ಒಂದೂವರೆ ಕೋಟಿಗೆ ಟ್ಯಾಕ್ಸೇ 27 ಲಕ್ಷ. ಡೀಸೆಲ್ಲಲ್ಲಿ ಉಳಿಸಿದ ದುಡ್ಡಲ್ಲಿ ಆ ಟ್ಯಾಕ್ಸ್ ವಾಪಸ್ ದುಡೀಬೇಕು ಅಂದ್ರೆ 60 ವರ್ಷ ಬೇಕು. ಡೆಲ್ಲೀಲಿ ಡೀಸೆಲ್ ಗಾಡಿಗೆ ಬರೆದಿದ್ದ ಆಯಸ್ಸು 10 ವರ್ಷ.

2025ರ ಜುಲೈಲಿ ದೇಶಕ್ಕೆ ದೇಶಾನೇ ಕಣ್ಣೀರಿಟ್ಟಿದ್ದು ನೆನಪಿದೆ ತಾನೇ? 84 ಲಕ್ಷದ ಮರ್ಸಿಡಿಸ್ ಎಂಎಲ್ 350 ಎರಡೂವರೆ ಲಕ್ಷಕ್ಕೆ ಹೋಯ್ತು ಅಂತ. ಟಿವಿಯೋರ ದುಃಖ ನೋಡ್ಬೇಕಿತ್ತು. ಮೂರು ಲೀಟರ್ ವಿ6 ಇಂಜಿನ್ನು, ಕೂದಲು ಕೊಂಕಿಲ್ಲ, ಆದ್ರೆ ಹತ್ತು ವರ್ಷ ತುಂಬಿತ್ತು, ಜುಲೈ 1ರಿಂದ ಡೆಲ್ಲಿ ಬಂಕಲ್ಲಿ ಅಂಥ ಗಾಡಿಗೆ ಎಣ್ಣೆ ಹಾಕಂಗಿಲ್ಲ ಅಂತ ರೂಲ್ಸು ಬಂದಿತ್ತು. ಸುಮಾರು 500 ಬಂಕಲ್ಲಿ ಕ್ಯಾಮೆರಾ ಹಾಕ್ಸಿದ್ರು, ಅದು ನಂಬರ್ ಪ್ಲೇಟ್ ಓದಿ ಮೈಕಲ್ಲಿ ಕೂಗಬೇಕಿತ್ತು. ಮೂರನೇ ದಿನಕ್ಕೆ ಅಲ್ಲಿನ ಪರಿಸರ ಮಂತ್ರಿ ಸಿರ್ಸಾ ಅವ್ರೇ ಪತ್ರ ಬರೆದು ಇದನ್ನ ನಿಲ್ಸಿ ಅಂದ್ರು. ಕ್ಯಾಮೆರಾ ಸರಿಯಾಗಿ ಕೂತಿಲ್ಲ, ಪಕ್ಕದ ರಾಜ್ಯದ ಡೇಟಾ ಬಂದಿಲ್ಲ, ಮೈಕ್ ಕೆಲ್ಸ ಮಾಡ್ತಿಲ್ಲ ಅಂತ ಕಾರಣ. ಪರಿಸರ ಉಳ್ಸಕ್ಕೆ ಹೊರಟೋರು ಮೈಕ್ ಕೈಕೊಡ್ತು ಅಂತ ವಾಪಸ್ ಬಂದ್ರು. ಆಗಸ್ಟ್ 12ಕ್ಕೆ ಸುಪ್ರೀಂ ಕೋರ್ಟು, ವಯಸ್ಸಾಯ್ತು ಅಂತ ಮಾತ್ರಕ್ಕೆ ಯಾರ ಮೇಲೂ ಕ್ರಮ ಬೇಡ ಅಂತು. ಡಿಸೆಂಬರಲ್ಲಿ ಮತ್ತೆ ತಿದ್ದಿ, ಈ ರಕ್ಷಣೆ ಬಿಎಸ್-4 (ಬಿಎಸ್ ಅಂದ್ರೆ ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನೋ ಸರ್ಕಾರಿ ಅಳತೆ) ಮತ್ತು ಅದಕ್ಕಿಂತ ಮೇಲಿನೋಕ್ಕೆ ಮಾತ್ರ ಅಂತು. ಡೆಲ್ಲೀಲಿ ಬಿಎಸ್-4 ಬಂದಿದ್ದು 2010ರಲ್ಲೇ. ಅಂದ್ರೆ 2015ರ ಆ ಮರ್ಸಿಡಿಸ್ಸು ಆರಾಮಾಗಿ ಬಚಾವಾಗ್ತಿತ್ತು. ಮಾರಿದೋರ ಬಗ್ಗೆ ಎಲ್ರೂ ಬರೆದ್ರು, ಎರಡೂವರೆ ಲಕ್ಷ ಎಣಿಸಿ ಬೀಗದ ಕೈ ಈಸ್ಕೊಂಡ ಪುಣ್ಯಾತ್ಮನ ಬಗ್ಗೆ ಯಾರೂ ಬರೀಲಿಲ್ಲ. ಈ ದೇಶದಲ್ಲಿ ಹಣಕಾಸು ಖಾತೆ ಕೊಡಬೇಕಾಗಿದ್ದು ಅವನಿಗೆ.

ಇನ್ನೊಂದು ತಮಾಷೆ ಏನಂದ್ರೆ ಆ ಜುಲೈ 1ರ ರೂಲ್ಸು ಡೆಲ್ಲಿಗೆ ಮಾತ್ರ. ಪಕ್ಕದ ಗುರುಗ್ರಾಮ, ನೋಯ್ಡಾಗೆ ನವೆಂಬರ್ ಅಂತ ಇತ್ತು. ಅಂದ್ರೆ ಬಾರ್ಡರ್ ದಾಟಿ ಟ್ಯಾಂಕ್ ತುಂಬಿಸ್ಕೊಂಡು ವಾಪಸ್ ಬರಬಹುದಿತ್ತು, ಹೊಗೆಗೆ ಗೊತ್ತಾಗಲ್ಲ ಯಾವ ಬಂಕಿನ ಡೀಸೆಲ್ಲು ಅಂತ.

ಇಂಥ ಬುದ್ಧಿವಂತಿಕೆಗೆ ಡೆಲ್ಲಿ ಮೊದಲಿಂದ್ಲೂ ಫೇಮಸ್ಸು. 2015ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು 2000 ಸಿಸಿ, ಅಂದ್ರೆ ಎರಡು ಲೀಟರ್ ಇಂಜಿನ್, ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳನ್ನ ಡೆಲ್ಲಿ ಸುತ್ತಮುತ್ತ ರಿಜಿಸ್ಟರ್ ಮಾಡಬೇಡಿ ಅಂತು. ಲಕ್ಷುರಿ ಕಂಪನಿಗಳೆಲ್ಲಾ ತಲೆ ಮೇಲೆ ಕೈ ಹೊತ್ಕೊಂಡ್ವು, ಮಹೀಂದ್ರದೋರು ಮಾತ್ರ ಒಂದೇ ತಿಂಗಳಲ್ಲಿ ಸ್ಕಾರ್ಪಿಯೋಗೂ ಎಕ್ಸ್‌ಯುವಿ500ಗೂ 1.99 ಲೀಟರ್ ಇಂಜಿನ್ ಕೂರ್ಸಿ ತಂದ್ರು. ಒಂದು ಪಾಯಿಂಟ್ ಒಂಬತ್ತು ಒಂಬತ್ತು! ಬಾಟಾ ಚಪ್ಪಲಿ ರೇಟಿನ ಥರ. ಆ ಬೆರಳಗಲದ ವ್ಯತ್ಯಾಸದಲ್ಲಿ ಡೆಲ್ಲಿ ಗಾಳಿ ಶುದ್ಧ ಆಗೋಯ್ತು ಅಂತ ಕಾಗದದ ಮೇಲೆ ಎಲ್ರೂ ಒಪ್ಕೊಂಡ್ರು. ನಾನು ಕಂಪನಿನ ಬೈತಿಲ್ಲ, ಮೆಚ್ಕೋತಿದೀನಿ, ರೂಲ್ಸಿಗೆ ತಕ್ಕ ಇಂಜಿನ್ ಮಾಡಿದ್ದು ತಪ್ಪೇನಲ್ಲ, ರೂಲ್ಸು ಬರೆದೋರಿಗೆ ಗೆರೆ ಎಲ್ಲಿ ಎಳೀಬೇಕು ಅಂತ ಹೊಳೆದಿದ್ದೇ ಅಷ್ಟು. ಎಂಟು ತಿಂಗಳಾದ್ಮೇಲೆ, 2016ರ ಆಗಸ್ಟಲ್ಲಿ, ಕಾರಿನ ಬೆಲೆ ಮೇಲೆ 1% ಹಸಿರು ಸೆಸ್ ಕಟ್ಟಿ ಓಡಿಸ್ಕೊಳ್ಳಿ ಅಂತ ಬ್ಯಾನ್ ಎತ್ತಿದ್ರು. ಒಂದು ಕೋಟಿ ಗಾಡಿಗೆ ಒಂದು ಲಕ್ಷ. ಸೀಟ್ ಕವರಿಗಿಂತ ಸ್ವಲ್ಪ ಜಾಸ್ತಿ ಇರಬಹುದು.

ಈಗ ನಮ್ಮೂರಿಗೆ ಬನ್ನಿ. ಡೆಲ್ಲೀಲಿ ಸತ್ತ ಗಾಡಿಗೆ ಎನ್‌ಒಸಿ, ಅಂದ್ರೆ ಬೇರೆ ರಾಜ್ಯಕ್ಕೆ ಒಯ್ಯಕ್ಕೆ ಒಪ್ಪಿಗೆ ಚೀಟಿ, ಸಿಕ್ಕಿದ ತಕ್ಷಣ ಪುನರ್ಜನ್ಮ. ಟ್ರಕ್ ಹತ್ತಿ ಬೆಂಗಳೂರಿಗೆ ಬಂತು ಅಂದ್ರೆ ಅದು "ಸಿಂಗಲ್ ಓನರ್, ಡಾಕ್ಟರ್ ಗಾಡಿ, ಶೋರೂಮ್ ಸರ್ವೀಸು". ಡೆಲ್ಲಿ ಡಾಕ್ಟರುಗಳೆಲ್ಲಾ ಬರೀ ಕಾರ್ ಮಾರ್ಕೊಂಡೇ ಬದುಕ್ತಿದಾರಾ ಅಂತ ನಂಗೊಂದು ಅನುಮಾನ ಇದೆ. ಸೆಕೆಂಡ್ಸ್ ಗಾಡಿ ಡೀಲರನ್ನ ಕೇಳಿ ನೋಡಿ, ಅಲ್ಲಿ ಹತ್ತು ವರ್ಷಕ್ಕೇ ಓಡಿಸ್ಬೇಡಿ ಅಂದಿದ್ದು ಇಲ್ಲಿ ಹೆಂಗೆ ಅಂತ. "ಸರ್, ಅಲ್ಲಿ ರೂಲ್ಸು ಬೇರೆ, ಗಾಡಿ ಬೆಣ್ಣೆ ಸರ್, ಹದಿನೈದು ವರ್ಷದವರ್ಗೂ ಏನೂ ಟೆನ್ಷನ್ ಇಲ್ಲ, ಆಮೇಲೆ ಎಫ್‌ಸಿ ಮಾಡ್ಸಿ." ಅವನು ಹೇಳೋದು ಸರಿನೇ. ಅಲ್ಲಿ ಮಗೂಗೆ ಕೆಮ್ಮು ತರಿಸೋ ಹೊಗೆ ತುಮಕೂರು ರೋಡಿಗೆ ಬಂದ್ರೆ ತಣ್ಣಗಾಗತ್ತೆ ಅಂತ ಕಾಣತ್ತೆ. ಕೆಎ ನಂಬರ್ ಮಾಡಿಸ್ಬೇಕು ಅಂದ್ರೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಅದು ಒಂದೇ ಬೇಜಾರು, ಅದಕ್ಕೂ ನಮ್ಮ ಶ್ರೀಮಂತರ ಹತ್ರ ಟ್ಯಾಕ್ಸ್ ಕಮ್ಮಿ ಇರೋ ಪಾಂಡಿಚೇರಿ ನಂಬರ್ ಅನ್ನೋ ಮದ್ದಿದೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯೋರು ಬೆಂಗಳೂರಲ್ಲಿ ಒಂದೇ ಸಲಕ್ಕೆ 30 ಲಕ್ಷುರಿ ಕಾರು ಹಿಡಿದ್ರಲ್ಲ, ಬೇರೆ ರಾಜ್ಯದ ನಂಬರ್ ಇಟ್ಕೊಂಡು ಇಲ್ಲಿ ಟ್ಯಾಕ್ಸ್ ಕಟ್ದೆ ಓಡಿಸ್ತಿದ್ದೋವು. ರೇಂಜ್ ರೋವರ್ ಓಡಿಸೋನಿಗೆ ಟ್ಯಾಕ್ಸು ಭಾರ, ನಾವು ಸ್ಕೂಟರಿಗೂ ಮುಂಚಿತವಾಗಿ ಕಟ್ಟಿದೀವಿ ಪೆದ್ದರ ಹಾಗೆ.

ಸರಿ, ತಗೊಂಡ್ರಿ ಅಂತಾನೇ ಇಟ್ಕೊಳ್ಳಿ, ಹೊಸದೇ. ಬಿಎಂಡಬ್ಲ್ಯೂ ಎಕ್ಸ್5 ಡೀಸೆಲ್ಲು 650 ನ್ಯೂಟನ್ ಮೀಟರ್ ಟಾರ್ಕು, ಮರ್ಸಿಡಿಸ್ ಜಿಎಲ್ಎಸ್ 450ಡಿ 750. ಬೆಟ್ಟ ಎಳೆಯೋ ಶಕ್ತಿ. ಎಲ್ಲಿ? ಸಿಲ್ಕ್ ಬೋರ್ಡಲ್ಲಿ, ಬಿಎಂಟಿಸಿ ಬಸ್ ಹಿಂದೆ, ಹತ್ತು ಕಿಲೋಮೀಟರಿಗೆ ಅರ್ಧ ಗಂಟೆ ಮೇಲೆ. ಬಿಎಸ್-6 ಡೀಸೆಲ್ ಅಂದ್ಮೇಲೆ ಡಿಪಿಎಫ್ ಅಂತ ಒಂದು ಫಿಲ್ಟರ್ ಇರತ್ತೆ, ಮಸಿ ಹಿಡಿದಿಟ್ಕೊಂಡು ಆಮೇಲೆ ಸುಟ್ಟು ಹಾಕತ್ತೆ, ಸುಡಬೇಕು ಅಂದ್ರೆ ಗಾಡಿ ಸ್ವಲ್ಪ ಹೊತ್ತು ಒಂದೇ ಸಮ ಓಡಬೇಕು. ಬೆಂಗಳೂರಲ್ಲಿ ಒಂದೇ ಸಮ ಓಡೋದು ಮೀಟರ್ ಹಾಕದ ಆಟೋ ರೇಟು ಮಾತ್ರ. ಹಂಗಾಗಿ ಡ್ಯಾಷ್‌ಬೋರ್ಡಲ್ಲಿ ಹಳದಿ ಲೈಟು ಬಂತು ಅಂದ್ರೆ ನಮ್ ಸಾಹುಕಾರ್ರು ರಾತ್ರಿ ಹನ್ನೊಂದಕ್ಕೆ ಏರ್‌ಪೋರ್ಟ್ ರೋಡಲ್ಲಿ ಫಿಲ್ಟರ್ ಸುಡಕ್ಕೆ ಹೋಗ್ತಾರೆ. ನಾಯಿನ ವಾಕಿಂಗ್ ಕರ್ಕೊಂಡು ಹೋಗಕ್ಕೆ ಆಳು ಇದಾನೆ, ಕಾರಿಗೆ ಮಾತ್ರ ತಾವೇ ಹೋಗ್ಬೇಕು. ಕೆಲವರು ಗ್ಯಾರೇಜಲ್ಲಿ ಆ ಫಿಲ್ಟರನ್ನೇ ಕಿತ್ತು ಹಾಕಿಸ್ತಾರೆ. ಎಮಿಷನ್ ಟೆಸ್ಟಲ್ಲಿ ಸಿಕ್ಕಾಕೊಳ್ಳಲ್ವಾ ಅಂದ್ರಾ? ನಮ್ ಡೀಸೆಲ್ ಟೆಸ್ಟು ಹೊಗೆ ಎಷ್ಟು ದಟ್ಟ ಇದೆ ಅಂತ ನೋಡತ್ತೆ ಅಷ್ಟೇ, ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡು, ಸಣ್ಣ ಕಣ ಇವೆಲ್ಲಾ ಅದರ ಸಿಲಬಸ್ಸಲ್ಲೇ ಇಲ್ಲ.

ಈ ಎಲ್ಲಾ ತಾಪತ್ರಯ ಇದ್ರೂ ಬೆಲೆ ಅಷ್ಟಾಗಿ ಕಳ್ಕೊಳ್ಳದೆ ನಿಂತಿರೋದು ಟೊಯೋಟಾ ಫಾರ್ಚೂನರ್. ಲಕ್ಷುರಿ ಅಂತ ಕರಿಯಕ್ಕೆ ಜರ್ಮನ್ ಕಾರಿನೋರು ಒಪ್ಪಲ್ಲ, ಒಪ್ಪದಿದ್ರೆ ಏನೀಗ, ರೀಸೇಲ್ ವಿಷಯಕ್ಕೆ ಬಂದ್ರೆ ಅವರೆಲ್ಲಾ ಇದರ ಮುಂದೆ ಕೈ ಕಟ್ಟಿ ನಿಲ್ಬೇಕು. 2.8 ಲೀಟರ್ ಡೀಸೆಲ್ಲು, ಬಿಳಿ ಬಣ್ಣ, ಗ್ಲಾಸ್ ಮೇಲೆ ಶಾಸಕರ ಪಾಸು, ಅದೂ ಹಳೇದು. ಸೆಕೆಂಡ್ಸ್ ತಗೊಳ್ಳೋನು ಇಂಜಿನ್ನಿಗೆ ಕೊಡೋದು ಅರ್ಧ ದುಡ್ಡು, ಟೋಲಲ್ಲಿ ಎದುರಿಗಿರೋನ ಮುಖದಲ್ಲಿ ಬರೋ ಭಯಕ್ಕೆ ಮಿಕ್ಕಿದ್ದರ್ಧ. ಆಡಿಯೋರು 2020ರಲ್ಲಿ ಬಿಎಸ್-6 ಬರ್ತಿದ್ದಂಗೆ ಇಂಡಿಯಾದಲ್ಲಿ ಡೀಸೆಲ್ಲೇ ಬಿಟ್ಟರು, ಆಡಿ ನೋಡಿ ಹೆದ್ರೋರು ನಮ್ ಕಡೆ ಯಾರಿದಾರೆ ಹೇಳಿ.

ಇಷ್ಟೊತ್ತು ನಗಾಡ್ತಾ ಬರ್ದೆ, ಇಲ್ಲಿ ಸ್ವಲ್ಪ ತಡ್ಕೊಳ್ಳಿ. ಈ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಬಹಳಷ್ಟಕ್ಕೆ ಆಡ್‌ಬ್ಲೂ ಅಂತ, ಹೊಗೆಯ ವಿಷ ಕಮ್ಮಿ ಮಾಡೋ ದ್ರವದ್ದು, ಇನ್ನೊಂದು ಟ್ಯಾಂಕಿರತ್ತೆ. ಅದರೊಳಗಿರೋದು 32.5% ಯೂರಿಯಾ, ಮಿಕ್ಕಿದ್ದು ನೀರು. ಗದ್ದೆಗೆ ಹಾಕೋ ಗ್ರೇಡ್ ಅಲ್ಲ ಅದು, ಗೊತ್ತು, ಪಾಠ ಮಾಡಕ್ಕೆ ಬರಬೇಡಿ. ಆ ಟ್ಯಾಂಕಲ್ಲಿ ಯೂರಿಯಾ ಕಮ್ಮಿ ಆಗ್ತಿದೆ ಅಂತ ಕಾರು ಎಷ್ಟೋ ಕಿಲೋಮೀಟರ್ ಮುಂಚೆನೇ ಓನರಿಗೆ ಹೇಳತ್ತೆ, ಮತ್ತೆ ಮತ್ತೆ ಹೇಳತ್ತೆ, ಪೂರ್ತಿ ಮುಗಿದ್ರೆ ಸ್ಟಾರ್ಟ್ ಆಗಲ್ಲ ಅಂತ ಹಠ ಹಿಡಿಯತ್ತೆ, ಅಷ್ಟೊಂದು ಕಾಳಜಿ. ಅದೇ 2025ರ ಜುಲೈಲಿ, ಅದೇ ಮರ್ಸಿಡಿಸ್ ಅಳು ನಡೀತಿದ್ದ ತಿಂಗಳಲ್ಲಿ, ಕೊಪ್ಪಳದಲ್ಲಿ ಒಬ್ಬ ರೈತ ಯೂರಿಯಾ ಸಿಗ್ಲಿಲ್ಲ ಅಂತ ಮಣ್ಣು ತಿಂದ. ಅವನಿಗೆ ಮುಂಚಿತವಾಗಿ ಯಾವ ಲೈಟೂ ಬರ್ಲಿಲ್ಲ. ಡೆಲ್ಲೀಲಿ ವಯಸ್ಸು ಮೀರಿದ ಗಾಡಿ 62 ಲಕ್ಷ ಅಂತ ಲೆಕ್ಕ ಕೊಟ್ರಲ್ಲ, ಅದ್ರಲ್ಲಿ ಮೂರರಲ್ಲಿ ಎರಡು ಪಾಲು ಬೈಕು ಸ್ಕೂಟರು. ಹಾಲು ಹಾಕೋರು, ಪಾರ್ಸಲ್ ಕೊಡೋರು, ಪ್ಲಂಬರ್ರು. ಒಂದೇ ಒಂದು ಟಿವಿ ಅವರ ರೀಸೇಲ್ ವ್ಯಾಲ್ಯೂ ಕೇಳ್ತಾ? ಬಸ್ ಸ್ಟಾಪಲ್ಲಿ ಸೆರಗು ಮುಚ್ಕೊಂಡು ನಿಂತೋಳ ಶ್ವಾಸಕೋಶಕ್ಕೆ ಇಷ್ಟು ವರ್ಷಕ್ಕೆ ಇಷ್ಟು ಅಂತ ಸವಕಳಿ ಹಾಕಿದ್ರಾ ಯಾರಾದ್ರೂ? ಹತ್ತು ವರ್ಷದಿಂದ ಆರ್ಡರ್ ಮಾಡ್ತೀರ, ವಾಪಸ್ ತಗೋತೀರ, ಮತ್ತೆ ಮಾಡ್ತೀರ, ಗಾಳಿ ಅಂತೂ ಹಂಗೇ ಇದೆ. ಸಾಕಾಗಿದೆ ರೀ.

ಹೋಗ್ಲಿ ಬಿಡಿ, ಜಿಎಸ್‌ಟಿ ಕತೆ ಹೇಳಿ ಮುಗಿಸ್ತೀನಿ. 2025ರ ಸೆಪ್ಟೆಂಬರ್ 22ಕ್ಕೆ ದೊಡ್ಡ ಎಸ್‌ಯುವಿ ಮೇಲಿದ್ದ 28% ಟ್ಯಾಕ್ಸು, 22% ಸೆಸ್ಸು ಎರಡೂ ಹೋಗಿ 40% ಒಂದೇ ಆಯ್ತು. ಬಡವರಿಗೂ ಉಳಿತಾಯದ ಹಬ್ಬ ಅಂತ ಭಾಷಣ ಬೇರೆ ಕೇಳಿದ್ವಿ. ಲ್ಯಾಂಡ್ ರೋವರ್ ಕಂಪನಿಯೋರು ನಾಲ್ಕೂವರೆ ಲಕ್ಷದಿಂದ ಹಿಡಿದು 30 ಲಕ್ಷದವರೆಗೂ ಬೆಲೆ ಇಳಿಸಿದ್ರು. ಈಗ ಅದರ ಹಿಂದಿನ ತಿಂಗಳು, ಆಗಸ್ಟಲ್ಲಿ, ಒಳ್ಳೇ ಮುಹೂರ್ತ ನೋಡಿ ರೇಂಜ್ ರೋವರ್ ಮನೆಗೆ ತಂದೋರನ್ನ ನೆನೆಸ್ಕೊಳ್ಳಿ. ಎರಡು ಲೀಟರಾ ಮೂರು ಲೀಟರಾ, ಡೀಸೆಲ್ಲಾ ಪೆಟ್ರೋಲಾ, ಕಪ್ಪಾ ಬಿಳಿಯಾ ಅಂತ ಆರು ತಿಂಗಳು ನಿದ್ದೆಗೆಟ್ಟು, ವಿಡಿಯೋ ನೋಡಿ, ಎಕ್ಸೆಲ್ ಶೀಟ್ ಮಾಡಿ, ಡೀಸೆಲ್ಲಿಗೇ ರೀಸೇಲ್ ಜಾಸ್ತಿ ಅಂತ ತೀರ್ಮಾನ ಮಾಡಿ ತಂದಿದ್ರು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ, ರೀಸೇಲ್ ಚೆನ್ನಾಗಿರ್ಲಿ ಅಂತ.