ಸ್ಲೈಡ್ ಓದಿ ಹೇಳಿದರೆ ಕೋರ್ಸ್ ಆಗುವುದಿಲ್ಲ

ಆನ್‌ಲೈನ್ ಕೋರ್ಸ್ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಸರ್?" ನಾನು ಬಾಗಲಕೋಟೆ ಜಿಲ್ಲೆಯ ಒಬ್ಬ ಸಮಾಜ ವಿಜ್ಞಾನದ ಮಾಸ್ತರ, ಕಂಪ್ಯೂಟರ್ ಪಂಡಿತನಲ್ಲ. ಕೊರೊನಾ ಕಾಲದಿಂದ ವಿಡಿಯೊ ಪಾಠ ಮಾಡಿಕೊಂಡು ಬಂದಿದ್ದೇನೆ ಎಂಬ ಒಂದೇ ಕಾರಣಕ್ಕೆ ಶಿಕ್ಷಕ ಮಿತ್ರರು, ಮನೆಪಾಠ ನಡೆಸುವವರು, ವಿಜಯಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಕೋಚಿಂಗ್ ಶುರು ಮಾಡಿದ ಹುಡುಗರು ತಮ್ಮ ಪಾಠಗಳನ್ನು ಕಳುಹಿಸಿ ಅಭಿಪ್ರಾಯ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಏನನ್ನೂ ಕೊಳ್ಳಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಪವರ್‌ಪಾಯಿಂಟ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಲಿಬ್ರೆಆಫೀಸ್‌ನ ಇಂಪ್ರೆಸ್ ಉಚಿತವಾಗಿ ಸಿಗುತ್ತದೆ, ಜೊತೆಗೆ ಪರದೆಯನ್ನು ರೆಕಾರ್ಡ್ ಮಾಡಲು ಓಬಿಎಸ್ ಕೂಡ ಉಚಿತ. ನನಗೆ ಬರುವ ಕೋರ್ಸ್‌ಗಳಲ್ಲಿ ಹೆಚ್ಚಿನವು ನಿದ್ದೆ ಬರಿಸುವುದಕ್ಕೆ ಸಾಫ್ಟ್‌ವೇರ್ ಕಾರಣವಲ್ಲ. ತರಗತಿಯಲ್ಲಿ ತೋರಿಸಲೆಂದು ಮಾಡಿದ ಹಳೆಯ ಪಿಪಿಟಿಗೆ, ಅಂದರೆ ಸ್ಲೈಡ್ ಕಡತಕ್ಕೆ, ದನಿಯೊಂದನ್ನು ಅಂಟಿಸಿ "ಕೋರ್ಸ್" ಎಂದು ಹೆಸರಿಟ್ಟಿರುತ್ತಾರೆ, ಅದೇ ಕಾರಣ.

ಪವರ್‌ಪಾಯಿಂಟ್ ಹುಟ್ಟಿದ್ದು 1987ರಲ್ಲಿ. ಫೋರ್‌ಥಾಟ್ ಎಂಬ ಚಿಕ್ಕ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನ್ನಿಸ್ ಆಸ್ಟಿನ್ ಮೊದಲಾದವರು ಅದನ್ನು ಮೆಕಿಂಟಾಷ್ ಕಂಪ್ಯೂಟರ್‌ಗಾಗಿ ಕಟ್ಟಿದರು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರ್ ಕೊಟ್ಟು ಕೊಂಡಿತು. (ನಮ್ಮ ಪಟ್ಟದಕಲ್ಲು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ 1987ರಲ್ಲೇ. ಇದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಆದರೆ ಇಸವಿ ನೆನಪಿಟ್ಟುಕೊಳ್ಳಲು ನನಗೆ ಅನುಕೂಲವಾಗಿದೆ.) ಮೊದಲ ಆವೃತ್ತಿ ಮಾಡಿಕೊಡುತ್ತಿದ್ದದ್ದು ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಬೇಕಾದ ಕಪ್ಪುಬಿಳುಪಿನ ಹಾಳೆಗಳನ್ನು. ಅಂದರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತು ಮಾತನಾಡುತ್ತಾನೆ ಎಂದು ಎಣಿಸಿಯೇ ಸ್ಲೈಡನ್ನು ರೂಪಿಸಲಾಗಿತ್ತು. ಆ ಮನುಷ್ಯ ಮಕ್ಕಳ ಮುಖ ನೋಡುತ್ತಾನೆ, ಅರ್ಥವಾಗದಿದ್ದರೆ ಹಿಂದಕ್ಕೆ ಹೋಗುತ್ತಾನೆ, ಬೆರಳು ತೋರಿಸುತ್ತಾನೆ, ಹಿಂದಿನ ಬೆಂಚಿನವನನ್ನು ಎಬ್ಬಿಸುತ್ತಾನೆ. ಆನ್‌ಲೈನ್ ಕೋರ್ಸ್‌ನಲ್ಲಿ ಅವನಿಲ್ಲ. ಅವನು ಮಾಡುತ್ತಿದ್ದ ಇಷ್ಟೂ ಕೆಲಸವನ್ನು ಸ್ಲೈಡ್ ಮತ್ತು ಧ್ವನಿ ಸೇರಿ ಮಾಡಬೇಕು. ಹಳೆಯ ಪಿಪಿಟಿ ಅದಕ್ಕೆ ತಯಾರಾಗಿರುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಪವರ್‌ಪಾಯಿಂಟ್‌ನ ಈಗಿನ ಸ್ಲೈಡ್‌ನ ಅಗಲ 13.33 ಇಂಚು, ಸುಮಾರು 34 ಸೆಂಟಿಮೀಟರ್. ನಮ್ಮ ಮಕ್ಕಳು ಪಾಠ ನೋಡುವುದು ಮನೆಯವರ ಮೊಬೈಲ್‌ನಲ್ಲಿ, ಅದೂ ಹೆಚ್ಚಾಗಿ ನೆಟ್ಟಗೆ ಹಿಡಿದು. ಆಗ ಪರದೆಯ ಅಗಲ ಏಳು ಸೆಂಟಿಮೀಟರ್ ಆಸುಪಾಸು. ಸ್ಲೈಡ್ ಐದನೇ ಒಂದು ಭಾಗಕ್ಕೆ ಕುಗ್ಗಿತು. ನೀವು 20 ಪಾಯಿಂಟ್‌ನಲ್ಲಿ ಬರೆದ ಸಾಲು ಆ ಮಗುವಿನ ಕಣ್ಣಿಗೆ ಬೀಳುವುದು 4 ಪಾಯಿಂಟ್‌ನಲ್ಲಿ, ಮಾತ್ರೆಯ ಹಾಳೆಯ ಹಿಂದೆ ಮುದ್ರಿಸಿದ ಬರಹದಂತೆ. ಮೊಬೈಲನ್ನು ಅಡ್ಡ ತಿರುಗಿಸಿದರೂ 9 ಪಾಯಿಂಟ್ ದಾಟುವುದಿಲ್ಲ. ಹಾಗಾಗಿ 36ಕ್ಕಿಂತ ಚಿಕ್ಕ ಅಕ್ಷರವನ್ನು ನಾನು ಬಳಸುವುದಿಲ್ಲ. ಆ ಗಾತ್ರದಲ್ಲಿ ಹನ್ನೆರಡು ಸಾಲು ಹಿಡಿಸುವುದಿಲ್ಲ ಎನ್ನುತ್ತೀರಾ? ಹಿಡಿಸಬಾರದು ಎಂದೇ ಆ ಗಾತ್ರ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಪವರ್‌ಪಾಯಿಂಟ್‌ನ ಮಾಮೂಲಿ ವಿನ್ಯಾಸದಲ್ಲಿ ಸಾಲುಗಳ ನಡುವಿನ ಅಂತರ 0.9. ಇಂಗ್ಲಿಷಿಗೆ ಅದು ನಡೆದೀತು. "ರಾಷ್ಟ್ರಕೂಟ" ಎಂದು ಬರೆದರೆ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಅಂತರವನ್ನು 1.2ಕ್ಕೆ ಏರಿಸಬೇಕು. ಪ್ರತಿ ಸ್ಲೈಡ್‌ನಲ್ಲಿ ಅಲ್ಲ, ಸ್ಲೈಡ್ ಮಾಸ್ಟರ್‌ನಲ್ಲಿ ಒಮ್ಮೆ ಬದಲಿಸಿದರೆ ಇಡೀ ಕೋರ್ಸ್‌ಗೆ ಅನ್ವಯವಾಗುತ್ತದೆ. ಹತ್ತಾರು ವರ್ಷ ಪವರ್‌ಪಾಯಿಂಟ್ ಬಳಸಿದವರೂ ಸ್ಲೈಡ್ ಮಾಸ್ಟರ್ ತೆರೆದು ನೋಡಿರುವುದಿಲ್ಲ. ಅಕ್ಷರಗಳ ವಿಷಯಕ್ಕೆ ಬಂದರೆ, ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರಸಂಕೇತವಾದ ಯೂನಿಕೋಡ್ ಬಿಟ್ಟು ಬೇರೆಯದರಲ್ಲಿ ಬರೆಯಬೇಡಿ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಚಾಲುಕ್ಯರೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿರುತ್ತಾರೆ. ಯೂನಿಕೋಡ್ ಫಾಂಟುಗಳಲ್ಲಿ ನೋಟೊ ಸಾನ್ಸ್ ಕನ್ನಡ ಉಚಿತ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಇವೆರಡರಲ್ಲಿ ಒಂದನ್ನು ಹಿಡಿದುಕೊಳ್ಳಿ.

ಈಗ ಪಾಠಕ್ಕೆ ಬರೋಣ. ಪಟ್ಟದಕಲ್ಲನ್ನೇ ತೆಗೆದುಕೊಳ್ಳುತ್ತೇನೆ. ಈ ಪಾಠದ ಪಿಪಿಟಿ ಹೇಗಿರುತ್ತದೆ ಎಂದು ನಿಮಗೂ ಗೊತ್ತು. ಮೇಲೆ ಕೆಂಪು ಶೀರ್ಷಿಕೆ, ಕೆಳಗೆ ಬುಲೆಟ್ ಚುಕ್ಕೆ ಹಾಕಿದ ಏಳು ಸಾಲು: ಮಲಪ್ರಭೆಯ ದಂಡೆ, ಎಂಟನೆಯ ಶತಮಾನ, ಇಮ್ಮಡಿ ವಿಕ್ರಮಾದಿತ್ಯ, ಕಂಚಿಯ ವಿಜಯ, ಲೋಕಮಹಾದೇವಿ, ನಾಗರ ಶೈಲಿ, ದ್ರಾವಿಡ ಶೈಲಿ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಒಂದು ಫೋಟೊ. ಮಾಸ್ತರರ ದನಿ ಮೇಲಿನಿಂದ ಕೆಳಗೆ ಓದಿಕೊಂಡು ಹೋಗುತ್ತದೆ. ಎರಡು ಶೈಲಿಗಳ ವ್ಯತ್ಯಾಸವೇನು ಎಂದು ಕೇಳಿದರೆ ಮಗು ಎರಡು ಹೆಸರು ಹೇಳುತ್ತದೆ, ಅಷ್ಟೇ.

ನಾನು ಮಾಡಿದ ಬಗೆ ಇದು. ಮೊದಲ ಸ್ಲೈಡ್‌ನಲ್ಲಿ ಒಂದೂ ಅಕ್ಷರವಿಲ್ಲ. ವಿರೂಪಾಕ್ಷ ದೇವಾಲಯದ ಶಿಖರ, ಪೂರ್ತಿ ಪರದೆ ತುಂಬಿ. ಧ್ವನಿ ಹೇಳುತ್ತದೆ: "ಇದನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಅಂತಸ್ತುಗಳು ಎಷ್ಟಿವೆ ಎಣಿಸಿ." ಆ ಮಾತು ಬರುವಾಗ ಒಂದೊಂದು ಅಂತಸ್ತಿನ ಮೇಲೆ ಹಳದಿ ಗೆರೆ ಮೂಡುತ್ತದೆ. ಎರಡನೆಯ ಸ್ಲೈಡ್‌ನಲ್ಲಿ ಅದೇ ಆವರಣದಲ್ಲಿರುವ ಗಳಗನಾಥ ಗುಡಿಯ ಶಿಖರ, ಅದೇ ಗಾತ್ರದಲ್ಲಿ, ಪರದೆಯ ಅದೇ ಜಾಗದಲ್ಲಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾದ ಅಂತಸ್ತುಗಳಿಲ್ಲ, ಗೆರೆ ಬಾಗುತ್ತ ಮೇಲೇರುತ್ತದೆ. ಮೂರನೆಯದರಲ್ಲಿ ಎರಡೂ ಅಕ್ಕಪಕ್ಕ, ಫೋಟೊ ಮಸುಕಾಗಿ ಹೊರಗೆರೆ ಮಾತ್ರ ಉಳಿಯುತ್ತದೆ. ಹೆಸರುಗಳು ಬರುವುದು ಆಗ, ಒಂದರ ಕೆಳಗೆ "ದ್ರಾವಿಡ", ಇನ್ನೊಂದರ ಕೆಳಗೆ "ನಾಗರ". ಕಟ್ಟಿಸಿದ್ದು ಯಾರು, ಯಾವಾಗ ಎಂಬುದೆಲ್ಲ ಮುಂದಿನ ಚಿಕ್ಕ ಭಾಗದಲ್ಲಿ. ಲೋಕಮಹಾದೇವಿ ತನ್ನ ಗಂಡ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರನ್ನು ಗೆದ್ದ ನೆನಪಿಗೆ ವಿರೂಪಾಕ್ಷನ ಇಷ್ಟು ದೊಡ್ಡ ಗುಡಿ ಕಟ್ಟಿಸಿದಳು ಎಂಬ ಕಥೆಗೆ ತನ್ನದೇ ಎರಡು ನಿಮಿಷ ಬೇಕು, ಬುಲೆಟ್ಟಿನ ಸಾಲಾಗಿ ಅದು ಸಾಯುತ್ತದೆ. ಫೋಟೊಗಳು ನನ್ನ ಮೊಬೈಲಿನವೇ. ನಮ್ಮ ಜಿಲ್ಲೆಯಲ್ಲಿದ್ದುಕೊಂಡು ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಚಿತ್ರಗಳನ್ನು ಅಂತರ್ಜಾಲದಿಂದ ಕದಿಯುವುದು ನನಗೆ ಅರ್ಥವಾಗದ ಸೋಮಾರಿತನ.

ಇದು ನನ್ನ ತಲೆಯಿಂದ ಹುಟ್ಟಿದ ವಿದ್ಯೆಯೇನಲ್ಲ. ಅಮೆರಿಕದ ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ದಶಕಗಳ ಕಾಲ ಪ್ರಯೋಗ ಮಾಡಿ ತೋರಿಸಿದ ಸಂಗತಿ. ಚಿತ್ರ ನೋಡುವ ಕಣ್ಣೇ ಅಕ್ಷರವನ್ನೂ ಓದಬೇಕು. ಕಿವಿಗೆ ಹೇಳುತ್ತಿರುವುದನ್ನೇ ಪರದೆಯ ಮೇಲೂ ಬರೆದರೆ ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗುತ್ತದೆ. ಚಿತ್ರ ಮತ್ತು ಮಾತು ಇದ್ದಾಗ ಕಲಿಕೆ ಚೆನ್ನಾಗಿ ಆಗುತ್ತದೆ, ಅದೇ ಮಾತಿನ ಅಕ್ಷರರೂಪವನ್ನೂ ಸೇರಿಸಿದರೆ ಕಡಿಮೆಯಾಗುತ್ತದೆ. ಸ್ಲೈಡ್ ತುಂಬಿಸಿದಷ್ಟೂ ಪಾಠ ತುಂಬುತ್ತದೆ ಎಂದುಕೊಂಡವರಿಗೆ ಇದು ರುಚಿಸುವುದಿಲ್ಲ.

ಬುಲೆಟ್ಟುಗಳ ಬಗ್ಗೆ ನನ್ನ ಸಿಟ್ಟು ಅತಿ ಎನ್ನುವವರಿಗೆ ಒಂದು ಮಾತು. 2003ರಲ್ಲಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿಯನ್ನು ಬಲಿ ತೆಗೆದುಕೊಂಡ ಕೊಲಂಬಿಯಾ ನೌಕೆಯ ದುರಂತವನ್ನು ತನಿಖೆ ಮಾಡಿದ ಮಂಡಳಿ, ತಾಂತ್ರಿಕ ವರದಿಯ ಬದಲು ಪವರ್‌ಪಾಯಿಂಟ್ ಸ್ಲೈಡ್‌ ಇಟ್ಟುಕೊಂಡು ಚರ್ಚಿಸುವ ನಾಸಾದ ಅಭ್ಯಾಸವನ್ನು ತನ್ನ ವರದಿಯಲ್ಲೇ ಟೀಕಿಸಿತು. ಅಪಾಯದ ಸುಳಿವು ಕೊಡುವ ಮಾತು ಒಂದು ಸ್ಲೈಡ್‌ನ ತಳದಲ್ಲಿ, ಬುಲೆಟ್ಟಿನೊಳಗಿನ ಬುಲೆಟ್ಟಿನಲ್ಲಿ ಹೂತುಹೋಗಿತ್ತು.

"ಮಕ್ಕಳು ನೋಟ್ಸ್ ಬರೆದುಕೊಳ್ಳಬೇಕಲ್ಲ ಸರ್, ಅಕ್ಷರ ಇಲ್ಲದಿದ್ದರೆ ಹೇಗೆ?" ಎಂದು ಸಹೋದ್ಯೋಗಿ ಮೇಡಂ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನೋಟ್ಸನ್ನು ಎರಡು ಪುಟದ ಪಿಡಿಎಫ್ ಮಾಡಿ ಬೇರೆಯಾಗಿಯೇ ಕೊಡಿ. ಅವರು ಇನ್ನೊಂದು ಮಾತನ್ನೂ ಹೇಳಿದರು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಕಡೆಯ ತರಗತಿಯಲ್ಲಿ ಮನೆಯಲ್ಲಿ ಮರಾಠಿ, ಉರ್ದು, ಲಂಬಾಣಿ ಮಾತನಾಡುವ ಮಕ್ಕಳಿರುತ್ತಾರೆ. ಹೊಸ ಪದವನ್ನು ಕಿವಿಯಿಂದ ಮಾತ್ರ ಕೇಳಿದರೆ ಅವರಿಗೆ ಅದು ಹಿಡಿಯುವುದಿಲ್ಲ. ಅಂಥ ಪಾರಿಭಾಷಿಕ ಪದವನ್ನು ಪರದೆಯ ಮೇಲೆ ಬರೆಯಲೇಬೇಕು, ಅದೂ ಚಿತ್ರದಲ್ಲಿ ಆ ಭಾಗದ ಪಕ್ಕದಲ್ಲೇ. ಮೇಯರ್ ಅವರೂ ಇದಕ್ಕೆ ಅಡ್ಡಿ ಹೇಳುವುದಿಲ್ಲ. ಚಿತ್ರದ ಪಕ್ಕದ ಒಂದೆರಡು ಪದ ಕಲಿಕೆಗೆ ನೆರವಾಗುತ್ತದೆ ಎಂದು ಅವರ ಪ್ರಯೋಗಗಳಲ್ಲೇ ಕಂಡಿದೆ. ಆ ಪ್ರಯೋಗಗಳು ಬೇಡ ಎನ್ನುವುದು ಉದ್ದುದ್ದ ವಾಕ್ಯಗಳನ್ನು.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಡಬೇಕಾದ ಮಾತನ್ನು ಮೊದಲು ಬರೆದು ಸ್ಲೈಡ್‌ನ ಕೆಳಗಿನ ನೋಟ್ಸ್ ಜಾಗದಲ್ಲಿಡಿ. ಪವರ್‌ಪಾಯಿಂಟ್ ಧ್ವನಿಯನ್ನು ಪ್ರತಿ ಸ್ಲೈಡ್‌ಗೂ ಪ್ರತ್ಯೇಕವಾಗಿ ಉಳಿಸುತ್ತದೆ, ಹಾಗಾಗಿ ಏಳನೆಯದರಲ್ಲಿ ತಡವರಿಸಿದರೆ ಏಳನೆಯದನ್ನಷ್ಟೇ ಮತ್ತೆ ಹೇಳಿದರಾಯಿತು. ಆದರೆ ಒಂದು ಸ್ಲೈಡ್‌ನಿಂದ ಇನ್ನೊಂದಕ್ಕೆ ಜಾರುವ ಆ ಗಳಿಗೆಯಲ್ಲಿ ಧ್ವನಿ ದಾಖಲಾಗುವುದಿಲ್ಲ. ಎಷ್ಟೋ ಪಾಠಗಳಲ್ಲಿ ವಾಕ್ಯದ ಬಾಲ ಕತ್ತರಿಸಿಹೋಗಿರುವುದು ಇದರಿಂದಲೇ. ಮಾತು ಮುಗಿಸಿ, ಉಸಿರು ಬಿಟ್ಟು, ಆಮೇಲೆ ಮುಂದಿನ ಸ್ಲೈಡ್ ಒತ್ತಿ. ವಿಡಿಯೊ ಮಾಡುವಾಗ 720ಪಿ ಗುಣಮಟ್ಟ ಸಾಕು, ಡೇಟಾ ಖಾಲಿಯಾಗುವುದು ಮಗುವಿನ ಅಪ್ಪನದು. ಇಳಕಲ್, ರಬಕವಿ-ಬನಹಟ್ಟಿ ಕಡೆಯವರು ಪವರ್‌ಲೂಮ್ ನಿಲ್ಲುವ ಹೊತ್ತು ನೋಡಿ ರೆಕಾರ್ಡ್ ಮಾಡಿಕೊಳ್ಳಿ, ಬೇರೆ ದಾರಿಯಿಲ್ಲ.

ನಮ್ಮವರು ಮುಟ್ಟದೇ ಬಿಟ್ಟಿರುವ ಸೌಲಭ್ಯವೆಂದರೆ ಲಿಂಕ್. ಸ್ಲೈಡ್‌ನಲ್ಲಿರುವ ಯಾವ ಚಿತ್ರಕ್ಕಾದರೂ ಅದೇ ಕಡತದ ಇನ್ನೊಂದು ಸ್ಲೈಡ್‌ನ ಕೊಂಡಿ ಕೊಡಬಹುದು. ಪಾಪನಾಥ ದೇವಾಲಯದ ಚಿತ್ರ ತೋರಿಸಿ, ಇದರ ಶಿಖರ ಯಾವ ಶೈಲಿ ಎಂದು ಕೇಳುತ್ತೇನೆ. ಅದರ ಗೋಡೆಯ ಅಲಂಕಾರದಲ್ಲಿ ದ್ರಾವಿಡದ ಲಕ್ಷಣ, ಮೇಲೆ ನಾಗರ ಶಿಖರ, ಮಕ್ಕಳು ಎಡವುವುದು ಇಲ್ಲೇ. "ದ್ರಾವಿಡ" ಒತ್ತಿದ ಮಗು "ತಪ್ಪು" ಎಂಬ ಕೆಂಪು ಗುರುತಿಗೆ ಹೋಗುವುದಿಲ್ಲ. "ನೀನು ಗೋಡೆ ನೋಡಿ ಹೇಳಿದೆ ಅನ್ನಿಸುತ್ತದೆ, ಅದು ಸರಿಯೇ. ಈಗ ಮೇಲೆ ನೋಡು" ಎನ್ನುವ ಸ್ಲೈಡ್‌ಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಪ್ರಶ್ನೆಗೆ. ಕಿಯೋಸ್ಕ್ ಎಂಬ ಆಯ್ಕೆ ಹಾಕಿಟ್ಟರೆ ಕಂಡಕಂಡಲ್ಲಿ ಒತ್ತಿ ಮುಂದೆ ಹಾರಲು ಆಗುವುದಿಲ್ಲ, ಉತ್ತರಿಸಿಯೇ ಹೋಗಬೇಕು. ವಿಡಿಯೊ ಮಾಡಿದರೆ ಈ ಲಿಂಕ್‌ಗಳು ಸತ್ತುಹೋಗುತ್ತವೆ ಎಂಬುದು ನೆನಪಿರಲಿ. ಆದ್ದರಿಂದ ಪಾಠ ವಿಡಿಯೊದಲ್ಲಿ, ಅಭ್ಯಾಸ ಸ್ಲೈಡ್ ಕಡತದಲ್ಲಿ. ಅಂಕ ದಾಖಲಾಗಬೇಕು ಎನ್ನುವವರು ಗೂಗಲ್ ಫಾರ್ಮ್‌ಗೋ ಮೂಡಲ್ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಗೋ ಹೋಗಬೇಕು, ಪವರ್‌ಪಾಯಿಂಟ್ ಅದನ್ನು ಮಾಡಿಕೊಡುವುದಿಲ್ಲ.

ಸ್ಲೈಡ್‌ನಿಂದ ಆಗದ ಕೆಲಸವೂ ಬೇಕಾದಷ್ಟಿದೆ. ನೇಕಾರ ಕುಟುಂಬದ ಹುಡುಗನೊಬ್ಬ ಇಳಕಲ್ ಸೀರೆಯ ನೇಯ್ಗೆಯ ಕೋರ್ಸ್ ಮಾಡುತ್ತೇನೆ ಎಂದು ಸ್ಲೈಡ್‌ಗಳನ್ನು ತೋರಿಸಿದ. ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕುವ ಕೆಲಸವನ್ನು ಆರು ಬುಲೆಟ್ಟುಗಳಲ್ಲಿ ವಿವರಿಸಿದ್ದ. "ತಮ್ಮಾ, ಇದನ್ನು ಓದಿ ಯಾರೂ ಕೊಂಡಿ ಹಾಕಲಾರರು. ನಿಮ್ಮ ತಾಯಿಯವರ ಕೈ ಮೇಲೆ ಕ್ಯಾಮೆರಾ ಇಡು" ಎಂದೆ. ಕೈಗೆಲಸಕ್ಕೆ ಕೈಯನ್ನೇ ತೋರಿಸಬೇಕು. ಆ ವಿಡಿಯೊ ತುಣುಕನ್ನು ಸ್ಲೈಡ್‌ನೊಳಗೆ ಕೂಡಿಸಿ, ಮುಂದೆ ಹಿಂದೆ ಎರಡು ಚಿತ್ರ ಇಟ್ಟರೆ ಒಳ್ಳೆಯ ಪಾಠವಾಗುತ್ತದೆ.

ಇನ್ನು ಸಂಸ್ಥೆಗಳ ಕಥೆ. ಕೋರ್ಸ್ ಎಷ್ಟು ಗಂಟೆಯದು ಎಂದು ಕೇಳುತ್ತಾರೆ, ಮಗುವಿಗೆ ಏನು ಬಂತು ಎಂದು ಕೇಳುವುದಿಲ್ಲ. ಹಾಗಾಗಿ ನಲವತ್ತು ನಿಮಿಷದ ಪಿರಿಯಡ್ಡನ್ನು ಇಡಿಯಾಗಿ ಎತ್ತಿ ಹಾಕುತ್ತಾರೆ. ಅದನ್ನು ಆರೇಳು ನಿಮಿಷದ ತುಂಡುಗಳನ್ನಾಗಿ ಒಡೆದು, ಪ್ರತಿ ತುಂಡಿಗೂ ಒಂದು ಪ್ರಶ್ನೆ ಇಟ್ಟರೆ ಮಗು ತನಗೆ ಬೇಕಾದ ಕಡೆ ನಿಲ್ಲಿಸಿ ಮತ್ತೆ ನೋಡಬಹುದು. ಆದರೆ ಅಂಥ ಆರು ನಿಮಿಷಕ್ಕೆ ಒಬ್ಬ ಶಿಕ್ಷಕನ ಇಡೀ ಸಂಜೆ ಬೇಕು. ಮಾತು ಬರೆಯಬೇಕು, ಫೋಟೊ ತೆಗೆಯಬೇಕು, ಗೆರೆ ಎಳೆಯಬೇಕು. ಆ ಸಂಜೆಯ ಲೆಕ್ಕವನ್ನು ಯಾವ ಕಚೇರಿಯೂ ಇಡುವುದಿಲ್ಲ, ಸಾಫ್ಟ್‌ವೇರ್ ಕೊಳ್ಳುವುದಕ್ಕೆ ಮಾತ್ರ ಹಣ ಮಂಜೂರಾಗುತ್ತದೆ. ಅದರಲ್ಲಿ ಅರ್ಧವನ್ನು ಕಾಲರ್ ಮೈಕಿಗೆ ಕೊಟ್ಟು, ವಾರಕ್ಕೆ ಎರಡು ಪಿರಿಯಡ್ ಬಿಡುವು ಮಾಡಿಕೊಟ್ಟರೆ ನಮ್ಮ ಕಡೆಯ ಜಿಲ್ಲೆಗಳಲ್ಲೇ ಎಂಥೆಂಥ ಪಾಠ ಮಾಡುವವರಿದ್ದಾರೆ ಎಂದು ನನಗೆ ಗೊತ್ತಿದೆ.

36 ಪಾಯಿಂಟ್ ಅಕ್ಷರ, 1.2 ಅಂತರ, ಬಿಳಿ ಹಿನ್ನೆಲೆ, ಪ್ರಶ್ನೆಯ ಲಿಂಕ್‌ಗಳು ಎಲ್ಲ ಸಿದ್ಧವಿರುವ ಒಂದು ಖಾಲಿ ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ಕೇಳಿದವರಿಗೆ ಕಳುಹಿಸುತ್ತೇನೆ, ದುಡ್ಡು ಬೇಡ. ಅದರಲ್ಲಿ ಸಂಸ್ಥೆಯ ಲೋಗೊಗೂ ಅಧ್ಯಕ್ಷರ ಭಾವಚಿತ್ರಕ್ಕೂ ಜಾಗ ಬಿಟ್ಟಿಲ್ಲ, ಆಮೇಲೆ ತಕರಾರು ಬೇಡವೆಂದು ಈಗಲೇ ಹೇಳಿರುತ್ತೇನೆ.