ಮಧ್ಯಾಹ್ನ ಕ್ಯಾಮೆರಾ ಒಳಗಿಡಬೇಡಿ

ಫೋಟೋಗ್ರಫಿ ಶುರು ಮಾಡಿದ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ನಂದೇ ಒಂದು ಸ್ಟೈಲ್ ಬರಬೇಕಂದ್ರೆ ಯಾವ ಪ್ರಿಸೆಟ್ ಹಾಕಬೇಕು?" ಯಾವುದೂ ಬೇಡ. ಪ್ರಿಸೆಟ್ ಅಂದರೆ ಬೇರೆ ಯಾರೋ, ಬೇರೆ ಯಾವುದೋ ಊರಿನ ಬೆಳಕಿಗೆ ಹೊಂದಿಸಿಕೊಂಡ ಬಣ್ಣ. ಮಲೆನಾಡಿನ ಹಸಿರಿಗೆ ಮಾಡಿದ್ದನ್ನು ತಂದು ಬಳ್ಳಾರಿ ಗುಡ್ಡದ ಮೇಲೆ ಹಾಕಿದರೆ ಅದು ನಮ್ಮ ಗುಡ್ಡವೇ ಅಲ್ಲ ಅನ್ನಿಸುತ್ತದೆ.

ಇನ್ನೊಂದು ಪಾಠ ಎಲ್ಲರೂ ಹೇಳಿಕೊಡುತ್ತಾರೆ: ಬೆಳಗ್ಗೆ, ಸಂಜೆ ಮಾತ್ರ ತೆಗೀರಿ, ಮಧ್ಯಾಹ್ನ ಕ್ಯಾಮೆರಾ ಒಳಗಿಡಿ. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟೋ ಹೊತ್ತಿಗೆ ಎಷ್ಟು ಜನ ನಿಂತಿರುತ್ತಾರೆ ನೋಡಿದ್ದೀರಲ್ವಾ? ಫೋಟೋಗಳು ಚೆನ್ನಾಗೇ ಬರುತ್ತವೆ, ಆದರೆ ಹೆಸರು ಮುಚ್ಚಿಟ್ಟರೆ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ. ನಮ್ಮ ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಜನ ದುಡಿಯುವುದೂ ಅದೇ ಬಿಸಿಲಲ್ಲಿ. ಆ ಬೆಳಕನ್ನು ಬಿಟ್ಟು ಊರಿನ ಫೋಟೋ ಹೇಗೆ ತೆಗೆಯುತ್ತೀರಿ?

ಕುರುಗೋಡು ಕಡೆ ಮೆಣಸಿನಕಾಯಿ ಒಣಗಿಸುವ ಕಣಕ್ಕೆ ಹನ್ನೆರಡು ಗಂಟೆಗೆ ಹೋಗಿ. ಘಾಟಿಗೆ ಮೂಗಿನ ಮೇಲೆ ಸೆರಗು ಬಿಗಿದುಕೊಂಡು ಕಾಯಿ ತಿರುವಿ ಹಾಕುವ ಹೆಣ್ಣುಮಕ್ಕಳ ಹಣೆ, ಮೊಣಕೈ ಬಿಸಿಲಿಗೆ ಹೊಳೆಯುತ್ತಿರುತ್ತವೆ, ಕಣ್ಣು ಮಾತ್ರ ನೆರಳಲ್ಲಿರುತ್ತವೆ. ಆ ನೆರಳನ್ನು ಎಡಿಟಿಂಗ್‌ನಲ್ಲಿ ತಿಳಿ ಮಾಡಬೇಡಿ. ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾಗೆ ಎಷ್ಟು ಬೆಳಕು ಬಿಡಬೇಕು ಅನ್ನೋದನ್ನು, ಬೆಳಕು ಬಿದ್ದ ಕಡೆಗೆ ಹೊಂದಿಸಿ, ಕಪ್ಪು ಕಪ್ಪಾಗೇ ಇರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಲೆನ್ಸ್ ಕಿಂಡಿ ಎಫ್ 16, ಶಟರ್ 1/100 ಸೆಕೆಂಡಿನ ಆಸುಪಾಸು: ಫಿಲ್ಮ್ ಕಾಲದ ಲೆಕ್ಕ, ನಮ್ಮ ಬಿಸಿಲಿಗೆ ಈಗಲೂ ಸರಿಹೋಗುತ್ತದೆ. ಆದರೆ ಕಾಯಿ ರಾಶಿ ಇದ್ದಾಗ ಹಿಸ್ಟೋಗ್ರಾಮ್‌ನಲ್ಲಿ (ಫೋಟೋದ ಬೆಳಕಿನ ಗ್ರಾಫ್, ಬಲಕ್ಕೆ ಹೋದಷ್ಟೂ ಬೆಳಕು ಜಾಸ್ತಿ) ಕೆಂಪು ಚಾನೆಲ್, ಅಂದರೆ ಕೆಂಪು ಬಣ್ಣದ ಗೆರೆ, ಬೇರೆಯಾಗಿ ನೋಡಲೇಬೇಕು. ಒಟ್ಟು ಗ್ರಾಫ್ ಸರಿ ಇದ್ದರೂ ಕೆಂಪೊಂದೇ ಬಲಗಡೆ ಅಂಚಿಗೆ ಬಡಿದಿರುತ್ತದೆ, ಆಗ ಕಾಯಿಯ ಸುಕ್ಕು, ತೊಟ್ಟಿನ ಗೆರೆ ಎಲ್ಲ ಹೋಗಿ ಬರೀ ಕೆಂಪು ಉಳಿಯುತ್ತದೆ. ಒಂದು ಸ್ಟಾಪ್ ಇಳಿಸಿದರೆ, ಅಂದರೆ ಬೆಳಕನ್ನು ಅರ್ಧಕ್ಕೆ ತಂದರೆ, ಸುಕ್ಕು ಎಣಿಸಬಹುದು.

ನಮ್ಮ ಸಂಡೂರಿನ ಎಂ.ವೈ. ಘೋರ್ಪಡೆಯವರನ್ನೇ ನೋಡಿ. ರಾಜ್ಯದಲ್ಲಿ ಮಂತ್ರಿಯಾಗಿದ್ದವರು, ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಹಿಡಿದುಕೊಂಡರು. ಇಬ್ಬರೂ ತಮಗೆ ಬೇಕಾದ್ದು ಯಾವುದು ಅಂತ ತಿಳಿದುಕೊಂಡು ಅದರಲ್ಲೇ ವರ್ಷಗಟ್ಟಲೆ ಉಳಿದರು.

ನಿಮ್ಮದು ಯಾವುದು ಅಂತ ತಿಳಿಯಲು ಒಂದು ಕೆಲಸ ಮಾಡಿ. ನಿಮ್ಮ ಹಳೇ ಫೋಟೋಗಳ ಚಿಕ್ಕ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಜಾಸ್ತಿ ಲೈಕ್ ಬಂದವನ್ನು ಪಕ್ಕಕ್ಕಿಡಿ, ಸುಮ್ನೆ ದಾರಿ ತಪ್ಪಿಸುತ್ತವೆ. ಉಳಿದವುಗಳಲ್ಲಿ ಏನು ಮತ್ತೆ ಮತ್ತೆ ಬಂದಿದೆ ನೋಡಿ. ನನ್ನವುಗಳಲ್ಲಿ ಮುಖಕ್ಕಿಂತ ಕೈಗಳೇ ಜಾಸ್ತಿ. ಹಾಗಾಗಿ ಅಗಲ ನೋಟದ 35 ಎಂಎಂ ಲೆನ್ಸ್ ಒಂದನ್ನೇ ಹಾಕಿಕೊಂಡು ಹತ್ತಿರ ಹೋಗುತ್ತೇನೆ. ಹತ್ತಿರ ಹೋದರೆ ಮಾತಾಡಿಸಲೇಬೇಕು, ಕೇಳಿಯೇ ತೆಗೆಯಬೇಕು, ಪ್ರಿಂಟ್ ತಂದು ಕೊಡಬೇಕು. ಒಮ್ಮೆ ಕೊಟ್ಟರೆ ಮುಂದಿನ ಸಲ "ಬಾರಪಾ, ಕುಂದ್ರು" ಅಂತ ಅವರೇ ಕರೆಯುತ್ತಾರೆ, ಕ್ಯಾಮೆರಾ ನೋಡಿ ಕೈ ಬಿಗಿಯುವುದಿಲ್ಲ.

ಈ ಸುಗ್ಗಿಗೆ ಕಣಕ್ಕೆ ಬರುವವರಿದ್ದರೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗೋಣ. ಟೋಪಿ, ನೀರು ಮರೆಯಬೇಡಿ.