ಮಲ್ಪೆ ಹೆಸರಿನ ಹಡಗು ಮಲ್ಪೆಗೂ ಬರಲಿ

ನಾನಿರುವುದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಹುಟ್ಟೂರು ಮಲ್ಪೆ. ಇಲ್ಲಿಂದ ಬಸ್ಸಿನಲ್ಲಿ ನಾಲ್ಕು ಗಂಟೆಗೂ ಜಾಸ್ತಿ ಹೋದರೆ ಕ್ಯಾಂಬೆಲ್‌ಟೌನ್ ಸಿಗುತ್ತದೆ. ಪುಟ್ಟ ಬಂದರು. ಎದುರಿಗೇ ಡವಾರ್ ದ್ವೀಪ. ನೀರು ಇಳಿದ ಹೊತ್ತಿನಲ್ಲಿ ನಡೆದೇ ಹೋಗಬಹುದು. ಮಲ್ಪೆ ಎದುರಿನ ನಮ್ಮ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೇ ಬೇಕು ಬಿಡಿ. ದಕ್ಕೆಯ ಮೇಲೆ ನಿಂತರೆ ಮಾತ್ರ ಮೂಗಿಗೆ ಊರಿನದೇ ವಾಸನೆ.

ಈ ಊರಿನ ಹೆಸರಿನ ಯುದ್ಧನೌಕೆಯ ಕಥೆ ನನ್ನನ್ನು ಬಹಳ ಕಾಡಿದೆ. 1942ರ ಮಾರ್ಚ್ 28ರಂದು ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ಕ್ಯಾಂಬೆಲ್‌ಟೌನ್ ಸ್ಫೋಟಕ ತುಂಬಿಕೊಂಡು ಹೋಗಿ, ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನ ಸೇಂಟ್ ನಜೇರ್ ಬಂದರಿನ ಡ್ರೈಡಾಕಿನ (ಹಡಗು ದುರಸ್ತಿಯ ಕಟ್ಟೆಯ) ಬಾಗಿಲಿಗೆ ಗುದ್ದಿತು. ಹಡಗು ಸಿಡಿದುಹೋಯಿತು. ಅದರ ಗಂಟೆ ಉಳಿದಿತ್ತು. 1950ರಲ್ಲಿ ಆ ಗಂಟೆಯನ್ನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಅದೇ ಹೆಸರಿನ ಊರಿಗೆ ಕೊಟ್ಟರು. 1989ರಲ್ಲಿ ಅದೇ ಹೆಸರಿನ ಹೊಸ ಹಡಗು ಸೇವೆಗೆ ಬಂತು. ಪೆನ್ಸಿಲ್ವೇನಿಯಾದ ಆ ಊರಿನ ಜನ ಗಂಟೆಯನ್ನು ಅದಕ್ಕೆ ಕಡ ಕೊಟ್ಟರು! 2011ರಲ್ಲಿ ಹಡಗು ನಿವೃತ್ತಿಯಾದಾಗ ಗಂಟೆ ವಾಪಸ್ ಹೋಯಿತು. ಹೆಸರೊಂದೇ ಅನ್ನುವ ಒಂದೇ ನಂಟಿಗೆ ಇಷ್ಟೆಲ್ಲ.

ಬ್ರಿಟನ್ನಿನ ಎಷ್ಟೋ ಊರುಗಳಲ್ಲಿ ಇಂಥ ನಂಟಿದೆ. ಊರಿನ ನಂಟಿರುವ ಹಡಗಿನ ನಾವಿಕರು ಡ್ರಮ್ ಬಾರಿಸುತ್ತಾ ಪೇಟೆಯಲ್ಲಿ ಮೆರವಣಿಗೆ ಹೋಗುತ್ತಾರೆ. ಅದು ಊರು ಅವರಿಗೆ ಕೊಟ್ಟ ಗೌರವ.

ನಮ್ಮಲ್ಲಿ? 2024ರ ಸೆಪ್ಟೆಂಬರ್ 9ರಂದು ಕೊಚ್ಚಿಯಲ್ಲಿ ನಮ್ಮ ನೌಕಾಪಡೆಗಾಗಿ ಕಟ್ಟಿದ ಮಲ್ಪೆ, ಮೂಲ್ಕಿ ಎಂಬ ಎರಡು ಹಡಗುಗಳು ನೀರಿಗಿಳಿದವು. ಜಲಾಂತರ್ಗಾಮಿಗಳನ್ನು ಬೇಟೆಯಾಡುವ, 78 ಮೀಟರ್ ಉದ್ದದ ಹಡಗುಗಳು. ಊರಿನಲ್ಲಿ ಪರ್ಸೀನ್ (ದೊಡ್ಡ ಬಲೆಯ ಮೀನುಗಾರಿಕೆ) ಬೋಟು ಇಟ್ಟಿರುವ ಅಣ್ಣನಿಗೆ ಫೋನಲ್ಲಿ ಹೇಳಿದೆ. ಅವನು ಕೇಳಿದ್ದು ಒಂದೇ: "ಹೌದಾ? ಅದು ಇಲ್ಲಿಗೆ ಬರ್ತದಾ?"

ಸರಿಯಾದ ಪ್ರಶ್ನೆ ಅಲ್ವಾ? ಹಿಂದೆಯೂ ನೌಕಾಪಡೆಯಲ್ಲಿ ಇದೇ ಹೆಸರಿನ, ಕಡಲಿನ ಸಿಡಿಗುಂಡು ತೆಗೆಯುವ ಮೈನ್‌ಸ್ವೀಪರ್‌ ಹಡಗುಗಳಿದ್ದವು. ಊರಿನಲ್ಲಿ ನಾನು ಕೇಳಿದವರಿಗೆಲ್ಲ ಅದೇ ಹೊಸ ಸುದ್ದಿ. ಈ ಸಲ ಹಾಗಾಗಬಾರದು.

ಡ್ರಮ್ಮಿನ ಮೆರವಣಿಗೆ ನಮಗೆ ಬೇಡ. ಮಳೆಗಾಲ ಕಳೆಯುತ್ತಾ ಬಂದಾಗ ನಮ್ಮ ಮೀನುಗಾರ ಮೊಗವೀರರು ಸಮುದ್ರಪೂಜೆ ಮಾಡುತ್ತಾರೆ. ಹಾಲೆರೆದು, ತೆಂಗಿನಕಾಯಿ, ಹೂವು ಬಿಟ್ಟು, ಆಮೇಲೆ ಕಡಲಿಗಿಳಿಯುತ್ತಾರೆ. ಆ ದಿನ ಹಡಗಿನ ಹತ್ತು ನಾವಿಕರನ್ನು ಕರೆಯೋಣ. ದಂಡೆಯಲ್ಲಿ ನಮ್ಮವರ ಜೊತೆ ನಿಲ್ಲಲಿ. ಹಡಗೂ ಒಮ್ಮೆ ಬಂದು ಸೇಂಟ್ ಮೇರೀಸ್ ಆಚೆ ಲಂಗರು ಹಾಕಲಿ. ಶಾಲೆಯ ಮಕ್ಕಳನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುವುದಕ್ಕೆ ನಮ್ಮಲ್ಲಿ ಬೋಟುಗಳಿಗೇನು ಬರವೇ? ಮೊದಲನೆಯದು ನಂದೇ ಇರಲಿ ಅಂದಿದ್ದಾನೆ ಅಣ್ಣ.